ಬೀಗದ ಪೆಟ್ಟಿಗೆ ಕೇಳಿದ ಕಿಟಕಿ

"ನನ್ನ ಕಂಪ್ಯೂಟರ್ ಮುಟ್ಟೋ ಮೊದಲು ಒಂದು ಮಾತು ಹೇಳಿ ಮೇಡಂ. ನೀವಿಲ್ಲಿ ಪತ್ತೇದಾರರಾಗಿ ಬಂದಿದ್ದೀರೋ, ಇವಳ ಅಕ್ಕ ಆಗಿ ಬಂದಿದ್ದೀರೋ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು.

"ಎರಡೂ ಆಗಿ. ಕುರ್ಚಿ ಒಂದೇ ಸಾಕು," ಎಂದು ಎಳೆದುಕೊಂಡು ಕೂತೆ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಈ ಮುಖ್ಯಸ್ಥನಿಗೆ 'ಕರಿಪರದೆ' ಎಂದು ಹೆಸರಿಟ್ಟವರು ಯಾರೋ, ಹೆಸರು ಮಾತ್ರ ಸರಿಯಾಗಿ ಅಂಟಿಕೊಂಡಿತ್ತು. ಅವನ ಮೇಜಿನ ಮೇಲಿದ್ದ ಪರದೆ ಪೂರ್ತಿ ಕಪ್ಪು. ಅದರಲ್ಲಿ ಹಸಿರು ಅಕ್ಷರಗಳು ಬಿಟ್ಟರೆ ಬೇರೇನಿಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಕೂಡ ಇಲ್ಲ. ಮೌಸ್ ಹಿಡಿದವರನ್ನು ಅವನು ಇನ್ನೂ ನಡೆಯಲು ಕಲಿಯದ ಮಕ್ಕಳನ್ನು ನೋಡಿದ ಹಾಗೆ ನೋಡುತ್ತಿದ್ದ.

ಇಷ್ಟು ಶುದ್ಧವಾಗಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ನನ್ನ ತಂಗಿ ಗೋಡೆಗೆ ಒರಗಿ ನಿಂತು ಶಾಲಿನ ಅಂಚಿನ ದಾರ ಎಳೆಯುತ್ತಿದ್ದಳು. ಅವಳು ಇವನ ಕೈಕೆಳಗೆ ಕೆಲಸ ಮಾಡುತ್ತಾಳೆ. ಆಸ್ಪತ್ರೆಯ ಔಷಧದ ಕಪಾಟುಗಳ ಬೀಗ ನಡೆಸುವ ಪ್ರೋಗ್ರಾಂ ಅವಳ ಜವಾಬ್ದಾರಿ. ಮೊನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗ ತುರ್ತು ವಾರ್ಡಿನ ಕಪಾಟು ತೆರೆಯಲೇ ಇಲ್ಲ. ಎದೆ ಹಿಡಿದುಕೊಂಡು ಬಂದಿದ್ದ ಬಸ್ ಡ್ರೈವರ್‌ಗೆ ಬೇಕಾದ ಇಂಜೆಕ್ಷನ್ ಅದರೊಳಗಿತ್ತು. ನರ್ಸ್‌ಗಳು ಕಬ್ಬಿಣದ ಸರಳಿನಿಂದ ಬಾಗಿಲು ಮೀಟಿ ತೆಗೆಯುವಷ್ಟರಲ್ಲಿ ಆತನ ಪ್ರಜ್ಞೆ ತಪ್ಪಿತ್ತು. ಇನ್ನೂ ಬಂದಿಲ್ಲ.

ನಾಳೆ ಬೆಳಿಗ್ಗೆ ಪೊಲೀಸರು ತಂಗಿಯನ್ನು ಕರೆದೊಯ್ಯುತ್ತಾರೆ. ಅವಳ ತಪ್ಪಲ್ಲ ಎಂದು ತೋರಿಸಲು ನನಗೆ ಉಳಿದಿದ್ದುದು ಈ ಮಧ್ಯಾಹ್ನ ಮಾತ್ರ.

"ಪೆಟ್ಟಿಗೆ ಏನು ಹೇಳಿ ಸತ್ತಿತೋ ನೀವೇ ಓದಿ," ಎಂದ ಕರಿಪರದೆ.

ಕಪಾಟಿನ ಹಿಂಭಾಗದಿಂದ ಬಿಚ್ಚಿ ತಂದ ತಗಡಿನ ಪೆಟ್ಟಿಗೆ ಮೇಜಿನ ಮೇಲಿತ್ತು. ಟಿಫನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಬೀಗ ತೆರೆಯುವುದು, ಹಾಕುವುದು, ಎರಡನ್ನೂ ನಡೆಸುವುದು ಇದೇ. ಅದಕ್ಕೆ ಪರದೆಯೂ ಇಲ್ಲ, ಗುಂಡಿಯೂ ಇಲ್ಲ. ಅವನು ಒಂದು ವೈರು ಸಿಕ್ಕಿಸಿ ಅದಕ್ಕೆ ಕರೆಂಟ್ ಕೊಟ್ಟ. ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿತು. ಕಿಟಕಿ ಬಿಡಿಸುವ ಲೈಬ್ರರಿ, ಆವೃತ್ತಿ 7.4, ಸಿಗುತ್ತಿಲ್ಲ. ಅಷ್ಟು ಹೇಳಿ ಪೆಟ್ಟಿಗೆ ಸುಮ್ಮನಾಯಿತು.

"ಬೀಗಕ್ಕೆ ಯಾಕ್ರೀ ಕಿಟಕಿ?" ಎಂದೆ.

ಕರಿಪರದೆ ಉತ್ತರಿಸುವ ಮೊದಲೇ ತಂಗಿ ಬಾಯಿ ತೆರೆದಳು. ಕೆಲಸದ ವಿಷಯ ಬಂದರೆ ಅವಳಿಗೆ ಭಯ ಮರೆತುಹೋಗುತ್ತದೆ.

"ನರ್ಸ್‌ಗಳ ಮೇಜಿನ ಮೇಲೆ ಕಂಪ್ಯೂಟರ್ ಇದೆಯಲ್ಲ ಅಕ್ಕ, ಅದರಲ್ಲಿ ಕಪಾಟಿನ ಚಿತ್ರ ಬರುತ್ತೆ. ಯಾವ ಖಾನೆ ಖಾಲಿ ಇದೆಯೋ ಅದು ಕೆಂಪಗೆ ಕಾಣುತ್ತೆ. ಆ ಚಿತ್ರ ಬಿಡಿಸೋಕೆ ಕಿಟಕಿ ಲೈಬ್ರರಿ ಬೇಕು, ಬೇರೆಯವರು ಬರೆದಿಟ್ಟ ಸಿದ್ಧ ತುಣುಕು ಅದು. ಈ ಪೆಟ್ಟಿಗೆಗೆ ಬೇಡ, ಇದಕ್ಕೆ ಪರದೇನೇ ಇಲ್ವಲ್ಲ. ಆದ್ರೆ ಎರಡಕ್ಕೂ ಸೋರ್ಸ್, ಅಂದ್ರೆ ನಾವು ಬರೆಯೋ ಮೂಲ, ಒಂದೇ."

"ಒಂದೇ ಸೋರ್ಸ್‌ನಿಂದ ಎರಡು ತರ ಹೇಗೆ?"

"ಬಿಲ್ಡ್ ಮಾಡುವಾಗ, ಅಂದ್ರೆ ಆ ಮೂಲದಿಂದ ಓಡೋ ಪ್ರೋಗ್ರಾಂ ಕಟ್ಟುವಾಗ, ಅದೇ ಹುಡುಕುತ್ತೆ. ಆ ಕಂಪ್ಯೂಟರ್‌ನಲ್ಲಿ ಕಿಟಕಿ ಲೈಬ್ರರಿ ಇದ್ರೆ ಸೇರಿಸಿಕೊಳ್ಳುತ್ತೆ. ಇಲ್ದಿದ್ರೆ ಬಿಟ್ಟು ಮುಂದೆ ಹೋಗುತ್ತೆ. ಯಾರನ್ನೂ ಕೇಳಲ್ಲ. ಶುಂಠಿ ಇದ್ರೆ ಟೀಗೆ ಹಾಕ್ತೀವಿ, ಇಲ್ದಿದ್ರೆ ಇಲ್ಲ, ಹಾಗೆ." ಸ್ವಲ್ಪ ತಡೆದು ಸೇರಿಸಿದಳು. "ಆದ್ರೆ ಒಂದು ಸಲ ಹಾಕಿಕೊಂಡ ಮೇಲೆ ಕಷ್ಟ. ಶುಂಠಿ ಇಲ್ಲದ ಮನೇಲಿ ಆ ಟೀ ಲೋಟಕ್ಕೇ ಇಳಿಯಲ್ಲ."

ನನಗೆ ಬೆಳಿಗ್ಗೆ ಕುಡಿದ ಟೀ ನೆನಪಾಯಿತು. ನಮ್ಮ ಯಜಮಾನರು ಮಾಡಿದ್ದು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅವರು ಹಾಸಿಗೆ ಬಿಟ್ಟು ಏಳುವುದೇ ದೊಡ್ಡದಾಗಿತ್ತು. ಎರಡು ತಿಂಗಳಿಂದ ಈಚೆಗೆ ಒಲೆಯ ಮುಂದೆ ನೆಟ್ಟಗೆ ನಿಂತು ಟೀ ಸೋಸುತ್ತಾರೆ, ಸಂಜೆ ವಾಕಿಂಗ್ ಹೋಗುತ್ತಾರೆ. ತಂಗಿ ಯಾರೋ ಒಳ್ಳೆಯ ಡಾಕ್ಟರನ್ನು ತೋರಿಸಿದ್ದಳು. ಆ ಡಾಕ್ಟರ್‌ಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೆನೋ.

ಈಗ ಅದನ್ನು ಯೋಚಿಸುವ ಹೊತ್ತಲ್ಲ.

"ಅಂದ್ರೆ ಪೆಟ್ಟಿಗೆಯಲ್ಲಿರೋ ಈ ಪ್ರೋಗ್ರಾಂ ಕಿಟಕಿ ಲೈಬ್ರರಿ ಇರೋ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದು," ಎಂದೆ. "ಇವಳು ಬಿಲ್ಡ್ ಮಾಡೋ ಆಫೀಸಿನ ಮೆಷಿನ್‌ನಲ್ಲಿ ಅದು ಇದೆಯಾ?"

"ಇಲ್ಲ," ಎಂದ ಕರಿಪರದೆ. "ಅದು ಬೋಳು ಮೆಷಿನ್. ಬೀಗಕ್ಕೆ ಬೇಕಾದ್ದು ಬಿಟ್ಟು ಅದರಲ್ಲಿ ಇನ್ನೇನೂ ಇಟ್ಟಿಲ್ಲ. ನರ್ಸ್‌ಗಳ ಕಂಪ್ಯೂಟರ್‌ಗೆ ಬೇಕಾದ್ದನ್ನ ಬೇರೆಯವರು ಬಿಲ್ಡ್ ಮಾಡ್ತಾರೆ."

"ಹಾಗಾದ್ರೆ ಇವಳು ಮಾಡಿದ್ದಲ್ಲ. ಮುಗೀತಲ್ಲ!"

"ಎಲ್ಲಿ ಮುಗೀತು ಮೇಡಂ?" ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಈ ಪ್ರೋಗ್ರಾಂಗೆ ಏನೇನು ಮಾಡೋಕೆ ಬರುತ್ತೆ ಅಂತ ನಾನು ನೋಡಿದೆ. ಬೇರೆ ಪೆಟ್ಟಿಗೆಗೆ ಆ ಕಿಟಕಿ ಲೈಬ್ರರಿ ಇಂಟರ್ನೆಟ್‌ನಿಂದ ಇಳಿಸಿ ಹಾಕಿ, ಇದನ್ನ ಎಬ್ಬಿಸಿ, ಕಪಾಟು ತೆರೆಯೋಕೆ ಕೊಟ್ಟ ಎಲ್ಲ ಕಾರ್ಡ್‌ಗಳನ್ನೂ ಉಜ್ಜಿ ನೋಡಿದೆ."

ಆಮೇಲೆ ಅವನು ಹೇಳಿದ್ದು ಇಷ್ಟು. ಎರಡು ತಿಂಗಳಿಂದ ಕಪಾಟಿನಿಂದ ನೋವು ಕೊಲ್ಲುವ ಇಂಜೆಕ್ಷನ್‌ಗಳು ಕಾಣೆಯಾಗುತ್ತಿದ್ದವು. ಸಾಧಾರಣ ಮದ್ದಲ್ಲ, ಡಾಕ್ಟರ್ ಸಹಿ ಇಲ್ಲದೆ ಹೊರಗೆ ಬರಬಾರದ ಮದ್ದು. ಹಳೆಯ ಪ್ರೋಗ್ರಾಂ ಸರಿಯಾದ ಕಾರ್ಡ್ ಕಂಡರೆ ಬಾಗಿಲು ತೆರೆಯುತ್ತಿತ್ತು, ಯಾರ ಕಾರ್ಡ್ ಎಂದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇನ್ನು ಮೇಲೆ ನೆನಪಿಟ್ಟುಕೊಳ್ಳುವ ಹಾಗೆ ಮಾಡು ಎಂದು ತಂಗಿಗೆ ಹೇಳಿದ್ದು ಇವನೇ. ಅವಳು ಮಾಡಿದಳು, ಬೋಳು ಮೆಷಿನ್‌ನಲ್ಲಿ ಬಿಲ್ಡ್ ಮಾಡಿ ಕೊಟ್ಟಳು, ಇವನು ಪರೀಕ್ಷೆ ಮಾಡಿದ. ಎಲ್ಲ ಸರಿಯಿತ್ತು.

ಆದರೆ ಪೆಟ್ಟಿಗೆಯೊಳಗೆ ಹೋಗಿದ್ದು ಅದಲ್ಲ. ಇದು ಎಲ್ಲ ಕಾರ್ಡ್‌ಗಳನ್ನೂ ನೆನಪಿಟ್ಟುಕೊಳ್ಳುತ್ತದೆ, ಒಂದನ್ನು ಬಿಟ್ಟು. ಕೆಲಸ ಬಿಟ್ಟು ಹೋದ ನರ್ಸ್ ಒಬ್ಬರ ಹಳೆಯ ಕಾರ್ಡ್. ಅದಕ್ಕೆ ಬಾಗಿಲು ತೆರೆಯುತ್ತದೆ, ತೆರೆದಿದ್ದನ್ನು ಮರೆಯುತ್ತದೆ.

"ಕಳ್ಳನಿಗೆ ಬೇಕಾಗಿದ್ದುದು ಬಾಗಿಲು ಮುಚ್ಚೋದಲ್ಲ ಮೇಡಂ, ಗುಟ್ಟಾಗಿ ತೆರೆಯೋದು. ಆದ್ರೆ ಪ್ರೋಗ್ರಾಂ ಕೇಳದೆ ಕಿಟಕಿ ಎಳೆದುಕೊಂಡು ಬಂದಿದ್ದು ಅವನ ಗಮನಕ್ಕೇ ಬರಲಿಲ್ಲ. ಹೊಸದು ಹಾಕಿದ ಮೇಲೂ ಕರೆಂಟ್ ಹೋಗೋವರೆಗೆ ಹಳೇದೇ ಓಡ್ತಿತ್ತು. ಕರೆಂಟ್ ಬಂದಾಗ ಹೊಸದು ಏಳೋಕೆ ಹೋಗಿ ಬಿದ್ದುಹೋಯ್ತು."

"ಸೋರ್ಸ್ ಯಾರ ಹತ್ರ ಇರುತ್ತೆ?"

"ಈ ಹೊಸ ಸೋರ್ಸ್ ಇನ್ನೂ ಇಬ್ಬರ ಹತ್ರ ಮಾತ್ರ. ಇವಳು, ನಾನು."

"ಪೆಟ್ಟಿಗೆಗೆ ಪ್ರೋಗ್ರಾಂ ಹಾಕಿದ್ದು ಯಾರು?"

ಅವನು ಕನ್ನಡಕ ಇನ್ನೊಮ್ಮೆ ಒರೆಸಿದ. ಆಗಲೇ ಒರೆಸಿದ್ದ ಕನ್ನಡಕ.

"ಸೋಮವಾರ ವಾರ್ಡಿನ ಆಯಾ ನಿಮ್ಮನ್ನ ನೋಡಿದ್ದಾಳೆ," ಎಂದೆ. "ಸ್ಕ್ರೂಡ್ರೈವರ್ ಹಿಡಿದುಕೊಂಡು ಕಪಾಟಿನ ಹಿಂದೆ ಕೂತಿದ್ರಂತೆ. ನಿನ್ನೆ ನಾನು ಕೇಳಿದಾಗ ವಾರ್ಡ್ ಕಡೆ ಹೋಗಿ ತಿಂಗಳಾಯ್ತು ಅಂದಿರಿ."

ಕರಿಪರದೆಯ ಮುಖ ಹುಳ್ಳಗಾಯಿತು. ಒಳಗೊಳಗೇ ನನಗೆ ಖುಷಿಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ನನ್ನ ತಂಗಿಯ ಕುತ್ತಿಗೆಗೆ ಬಿದ್ದ ಹಗ್ಗ ಇವನ ಕಡೆಗೆ ಸರಿಯುವುದು ನನಗೆ ಕಾಣುತ್ತಿತ್ತು.

"ಹಾಕಿದ್ದು ನಾನೇ," ಎಂದ ಕೊನೆಗೆ. "ಇವಳು ಪೆನ್‌ಡ್ರೈವ್ ಶನಿವಾರ ಕೊಟ್ಟಳು, ಪರೀಕ್ಷೆ ಮಾಡಿದೆ, ಈ ಡ್ರಾಯರ್‌ನಲ್ಲಿಟ್ಟು ಮನೆಗೆ ಹೋದೆ. ಸೋಮವಾರ ಬಂದು ಅದರಿಂದಲೇ ಹಾಕಿದೆ. ಹಾಕೋ ಮೊದಲು ಇನ್ನೊಂದು ಸಲ ನೋಡಬೇಕಿತ್ತು, ನೋಡಲಿಲ್ಲ. ಡ್ರಾಯರ್‌ಗೆ ಬೀಗ ಇಲ್ಲ ಮೇಡಂ, ಯಾರು ಬೇಕಾದ್ರೂ ಒಳಗಿದ್ದದ್ದನ್ನ ಬದಲಾಯಿಸಬಹುದಿತ್ತು. ಬೀಗದ ವಿಭಾಗದ ಮುಖ್ಯಸ್ಥ ನಾನು, ನನ್ನ ಡ್ರಾಯರ್‌ಗೆ ಬೀಗ ಇಲ್ಲ. ಅದನ್ನ ಯಾವ ಬಾಯಲ್ಲಿ ಹೇಳಲಿ?"

"ಚೆನ್ನಾಗಿದೆ ಕಥೆ. ಈಗ ನಿಮ್ಮ ಕಂಪ್ಯೂಟರ್ ತೋರಿಸಿ. ಇದರಲ್ಲಿ ಕಿಟಕಿ ಲೈಬ್ರರಿ ಇಲ್ಲ ಅಂತೀರಾ?"

"ನಾನು ಕರಿ ಪರದೆ ಬಿಟ್ಟು ಬೇರೆ..."

"ಸರ್," ಎಂದಳು ತಂಗಿ ಮೆಲ್ಲಗೆ. "ಚೆಸ್."

ಅವನು ಅವಳನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ನಡುಬೀದಿಯಲ್ಲಿ ಪಂಚೆ ಜಾರಿದವನ ನೋಟ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಸಾಹೇಬರು ಬಣ್ಣಬಣ್ಣದ ಹಲಗೆಯ ಮೇಲೆ ಚೆಸ್ ಆಡುತ್ತಿದ್ದರಂತೆ. ಅದಕ್ಕಾಗಿ ಕಿಟಕಿ ಲೈಬ್ರರಿ ಹಾಕಿಕೊಂಡಿದ್ದರು. ಮೌಸ್ ಕೂಡ ಇತ್ತು, ಆ ಬೀಗವಿಲ್ಲದ ಡ್ರಾಯರ್‌ನ ಹಿಂಬದಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು.

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಬಿಲ್ಡ್ ಮಾಡಿ," ಎಂದೆ. "ನನ್ನ ಕಣ್ಣೆದುರಿಗೆ. ನಿಮ್ಮ ಮೆಷಿನ್‌ನಿಂದ ಬರೋ ಪ್ರೋಗ್ರಾಂ ಕಿಟಕಿ ಕೇಳುತ್ತೋ ಇಲ್ವೋ ನೋಡೋಣ."

ಅವನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಸಾಲುಗಳು ಮೇಲಕ್ಕೆ ಹರಿದವು, ನಿಂತವು. ಬಂದ ಪ್ರೋಗ್ರಾಂ ಅನ್ನು ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆ ಒಂದು ಸಲ ಟಕ್ ಎಂದಿತು, ಬೀಗದ ನಾಲಗೆ ಒಳಗೆ ಹೋಗಿ ಹೊರಗೆ ಬಂತು. ಕಿಟಕಿಯ ಮಾತೇ ಇಲ್ಲ.

"ಇದು ಹೇಗಾಯ್ತು? ನಿಮ್ಮಲ್ಲಿ ಲೈಬ್ರರಿ ಇದೆಯಲ್ಲ, ಯಾಕೆ ಎಳೆದುಕೊಳ್ಳಲಿಲ್ಲ?"

"ಬೇಡ ಅಂತ ಹೇಳಿದೆನಲ್ಲ." ಅವನು ಮೇಲಿನ ಸಾಲಿಗೆ ಹೋಗಿ ಬೆರಳಿಟ್ಟು ತೋರಿಸಿದ. ಕಮಾಂಡಿನ ಕೊನೆಗೆ ಚಿಕ್ಕದೊಂದು ಪದ. "ಕಿಟಕಿ ಇಲ್ಲದೆ ಬಿಲ್ಡ್ ಮಾಡು ಅಂತ. ಚೆಸ್ ಹಾಕಿಕೊಂಡ ಹೊಸದರಲ್ಲಿ ಒಂದು ಸಲ ಹೀಗೇ ಕೈಸುಟ್ಟುಕೊಂಡಿದ್ದೆ. ಆವತ್ತಿನಿಂದ ಬಿಡದೆ ಬರೀತೀನಿ. ಈಗ ನಾನು ಬರೆಯೋದು ಬೇಡ ಅಂದ್ರೂ ಬೆರಳು ಬರೆಯುತ್ತೆ."

"ಇವತ್ತು ನನಗೆ ತೋರಿಸೋಕೆ ಬರೆದಿರಬಹುದು."

"ಇವಳು ಬರೀತಾಳಾ ಕೇಳಿ."

ತಂಗಿ ತಲೆ ಎತ್ತಿದಳು. ಕೆಲಸದ ಪ್ರಶ್ನೆ, ಕೆಲಸದ ಉತ್ತರ. ಯೋಚನೆ ಮಾಡಲೇ ಇಲ್ಲ.

"ನಾನ್ಯಾಕೆ ಬರೀಲಿ ಸರ್? ನಾನು ಬಿಲ್ಡ್ ಮಾಡೋ ಮೆಷಿನ್‌ನಲ್ಲಿ ಕಿಟಕೀನೇ ಇಲ್ವಲ್ಲ, ಬೇಡ ಅನ್ನೋಕೆ. ನಾನು ಯಾವತ್ತೂ ಬರೆದಿಲ್ಲ."



ಕರಿಪರದೆ ನನ್ನನ್ನು ನೋಡಿದ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. 'ಬೇಡ' ಎಂದು ಬರೆದು ಬೆರಳಿಗೆ ರೂಢಿಯಾದವನು ಈ ತಪ್ಪು ಮಾಡುವುದಿಲ್ಲ. ಬರೆಯುವ ಅಗತ್ಯವೇ ಬೀಳದೆ ವರ್ಷಗಟ್ಟಲೆ ಬೋಳು ಮೆಷಿನ್‌ನಲ್ಲಿ ಕೆಲಸ ಮಾಡಿದವರು, ಒಂದು ದಿನ ಬೇರೆ ಕಂಪ್ಯೂಟರ್ ಮುಂದೆ ಅವಸರದಲ್ಲಿ ಕೂತರೆ ಮಾತ್ರ ಮಾಡುವ ತಪ್ಪು ಇದು.

ತಂಗಿಗೂ ಅರ್ಥವಾಯಿತು. ಶಾಲಿನ ದಾರ ಎಳೆಯುವುದು ನಿಂತಿತ್ತು.

"ನನ್ನ ಚೆಸ್‌ನ ಲೈಬ್ರರಿ ಹಳೇದು, 6.1," ಎಂದ ಕರಿಪರದೆ, ಯಾರ ಮುಖವನ್ನೂ ನೋಡದೆ. "ಪೆಟ್ಟಿಗೆ ಕೇಳಿದ್ದು 7.4. ಆಸ್ಪತ್ರೆಯಲ್ಲಿ ಯಾವ ಕಂಪ್ಯೂಟರ್‌ನಲ್ಲೂ ಅದು ಇಲ್ಲ, ಎಲ್ಲ ಹುಡುಕಿದೀನಿ, ನರ್ಸ್‌ಗಳದ್ದೂ ಹಳೇದೇ. ಚಿತ್ರ ಬಿಡಿಸೋ ಸಾಫ್ಟ್‌ವೇರ್ ಹಾಕಿದ್ರೆ ಜೊತೆಗೆ ಬರುತ್ತೆ. ಕಲಾವಿದರು ಇಟ್ಟುಕೊಳ್ಳೋ ತರದ್ದು."

ನಾನು ಎದ್ದೆ. ಕುರ್ಚಿ ನೆಲಕ್ಕೆ ಉಜ್ಜಿ ಕರ್ಕಶವಾಗಿ ಸದ್ದು ಮಾಡಿತು.

"ಸೋರ್ಸ್ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಿ. ಬಿಲ್ಡ್ ಮಾಡೋದು ಹೇಗೆ ಅಂತಾನೂ ಹೇಳಿ."

"ಯಾಕೆ?"

"ಅನುಮಾನ ಪರಿಹಾರಕ್ಕೆ," ಎಂದೆ. ಯಾರ ಮೇಲಿನ ಅನುಮಾನ ಎಂದು ಅವನು ಕೇಳಲಿಲ್ಲ. ಅಷ್ಟರಮಟ್ಟಿಗೆ ಅವನು ದೊಡ್ಡ ಮನುಷ್ಯ.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಡ್ರೈವರ್‌ನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಂಡನ ಖಾಕಿ ಅಂಗಿ. ಎಚ್ಚರವಾದ ತಕ್ಷಣ ಕೇಳುತ್ತಾರೆ ಎಂದು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದಳು.

"ಅಮ್ಮಾ, ಯಾರಂತ ಗೊತ್ತಾಯ್ತಾ?"

"ಗೊತ್ತಾಗುತ್ತೆ," ಎಂದೆ.

"ಬೇಗ ಗೊತ್ತಾಗ್ಲಿ. ಇವರು ಎದ್ದ ಮೇಲೆ ಮೊದಲು ಅದನ್ನೇ ಕೇಳೋದು. ಅರ್ಧಂಬರ್ಧ ಹೇಳಿದ್ರೆ ಒಪ್ಪಲ್ಲ."

ನನಗೆ ಅವಳ ಮುಖ ನೋಡಲಾಗಲಿಲ್ಲ. ತಂಗಿ ನನಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಿಂತುಬಿಟ್ಟಿದ್ದಳು. ಆ ಬೆಂಚನ್ನು ದಾಟಿ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ, ಎರಡು ಬೆರಳು ಮಾತ್ರ.

"ಅಕ್ಕ, ನನ್ನ ನಂಬ್ತೀಯಾ?"

"ನಂಬದೆ ಇದಕ್ಕೆ ಕೈಹಾಕಿದ್ನಾ?"

ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಬೆರಳು ಬಿಟ್ಟಳು.

"ಭಾವನ ಬೆನ್ನು ಹೇಗಿದೆ?" ಎಂದು ಕೇಳಿದಳು.

ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಯಜಮಾನರು ವಾಕಿಂಗ್ ಹೋಗಿದ್ದರು. ಟೀ ಮಾಡಿ ಮುಚ್ಚಿಟ್ಟಿದ್ದರು. ಒಳಕೋಣೆಯಲ್ಲಿ ಅವರ ಕಂಪ್ಯೂಟರ್ ಆನ್ ಆಗೇ ಇತ್ತು, ಪರದೆಯ ಮೇಲೆ ಅರ್ಧ ಬಣ್ಣ ತುಂಬಿದ ಆನೆ. ಬಿದ್ದ ಮೇಲೆ ಮೊದಲಿನ ಕೆಲಸಕ್ಕೆ ಹೋಗಲಾರದೆ ಅವರು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾರೆ. ಆ ಕಂಪ್ಯೂಟರ್ ತಂಗಿಯದೇ, ಅವಳು ಹೊಸದು ಕೊಂಡಾಗ ಭಾವನಿಗೆಂದು ತಂದುಕೊಟ್ಟಿದ್ದು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಟ್ಟವಳೂ ಅವಳೇ.

ಟೀ ಮುಟ್ಟಲಿಲ್ಲ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಊರಿನಲ್ಲಿ ಚಿತ್ರ ಬರೆಯುವವರು ಎಷ್ಟು ಜನ ಇಲ್ಲ? ಆಸ್ಪತ್ರೆಯ ಬೋರ್ಡು ಬರೆಯುವವನಿದ್ದಾನೆ, ಜಾಹೀರಾತಿನವರಿದ್ದಾರೆ. ನೋಡಿ, ಇಲ್ಲ ಎಂದು ಖಚಿತ ಮಾಡಿಕೊಂಡು, ತಂಗಿಯನ್ನು ಮನಸಾರೆ ನಂಬಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಪೆನ್‌ಡ್ರೈವ್ ಸಿಕ್ಕಿಸಿದೆ. ಕರಿಪರದೆ ಹೇಳಿಕೊಟ್ಟದ್ದನ್ನು ಒಂದೊಂದೇ ಅಕ್ಷರ ಹುಡುಕಿ ಬಡಿದೆ. ಕೊನೆಯ ಆ ಚಿಕ್ಕ ಪದವನ್ನು ಮಾತ್ರ ಬೇಕೆಂದೇ ಬಿಟ್ಟೆ.

ಸಾಲುಗಳು ಹರಿಯತೊಡಗಿದವು. ಅದು ಹುಡುಕುತ್ತಿತ್ತು. ಅದು ಇದೆಯೇ, ಇದೆ. ಇದು ಇದೆಯೇ, ಇಲ್ಲ, ಹೋಗಲಿ ಬಿಡು. ನಾನು ಒಂದೊಂದೇ ಸಾಲು ಓದುತ್ತಿದ್ದೆ.

ಕಿಟಕಿ ಬಿಡಿಸುವ ಲೈಬ್ರರಿ ಇದೆಯೇ? ಇದೆ. 7.4.

ಯಾರನ್ನೂ ಕೇಳದೆ ಅದನ್ನು ಸೇರಿಸಿಕೊಂಡು ಮುಂದಕ್ಕೆ ಹೋಯಿತು.

ಭಾನುವಾರ ತಂಗಿ ಮನೆಗೆ ಬಂದಿದ್ದಳು. ಪ್ರತಿ ಭಾನುವಾರ ಬರುತ್ತಾಳೆ. ನಾನು ಅಡುಗೆಮನೆಯಲ್ಲಿದ್ದಾಗ ಇವಳು ಒಳಕೋಣೆಯಲ್ಲಿ ಭಾವನ ಜೊತೆ ಹರಟುತ್ತಾಳೆ ಎಂದುಕೊಂಡಿದ್ದೆ. ಎರಡು ತಿಂಗಳಿಂದ ಕಾಣೆಯಾದ ಇಂಜೆಕ್ಷನ್. ಎರಡು ತಿಂಗಳಿಂದ ನೆಟ್ಟಗಾದ ಬೆನ್ನು. ನಾನು ಒಮ್ಮೆಯೂ ಮುಖ ನೋಡದ ಆ ಒಳ್ಳೆಯ ಡಾಕ್ಟರ್. ಪತ್ತೇದಾರಿ ನಾನು, ಊರವರ ಮನೆಯ ಕಸವನ್ನೆಲ್ಲ ಕೆದಕಿ ನೋಡಿದವಳು. ನನ್ನ ಮನೆಯ ಸುಖಕ್ಕೆ ಮಾತ್ರ ಒಂದು ಪ್ರಶ್ನೆ ಕೇಳಿರಲಿಲ್ಲ.

"ಅವಳಿಗೆ ಏನೂ ಗೊತ್ತಿಲ್ಲ ಕಣೇ."

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಸೆಖೆಯಲ್ಲೂ ತುಂಬು ತೋಳಿನ ಅಂಗಿ. ಯಾವಾಗಿನಿಂದ ಇವರು ತುಂಬು ತೋಳು ಹಾಕಲು ಶುರು ಮಾಡಿದ್ದು?

"ಯಾರಿಗ್ರೀ? ನಾನಿನ್ನೂ ಯಾರ ಹೆಸರೂ ಎತ್ತಿಲ್ಲ."

"ನಾನೇ ಮಾಡಿದ್ದು. ಇಲ್ಲೇ ಕೂತು ಮಾಡಿದೆ. ಅವಳ ಚೀಲದಿಂದ ಪೆನ್‌ಡ್ರೈವ್ ತೆಗೆದುಕೊಂಡೆ, ಅವಳಿಗೆ ತಿಳಿಯದ ಹಾಗೆ. ಪೊಲೀಸರಿಗೆ ಅಷ್ಟು ಹೇಳು, ಸಾಕು."

ಮೊನ್ನೆ ಫೋನಿನ ಅಲಾರಂ ನಿಲ್ಲಿಸಲು ಬರದೆ ನನ್ನನ್ನು ಕೂಗಿ ಕರೆದ ಮನುಷ್ಯ ಇವರು. ಆನೆ ಬಿಡಿಸುವುದು ಬಿಟ್ಟರೆ ಈ ಕಂಪ್ಯೂಟರ್‌ನಲ್ಲಿ ಇನ್ನೇನೂ ಗೊತ್ತಿಲ್ಲದವರು. ನನ್ನ ಮುಖ ನೋಡಿಕೊಂಡು ಸುಳ್ಳು ಹೇಳುತ್ತಿದ್ದರು. ಮದುವೆಯಾದ ಮೇಲೆ ಅವರು ಹೇಳಿದ ಸುಳ್ಳುಗಳಲ್ಲಿ ಇಷ್ಟು ಕೆಟ್ಟದಾಗಿ ಹೇಳಿದ್ದು ಇದೊಂದೇ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ತೋಳು ಮಡಿಸಿ ನೋಡೋಣ," ಎಂದೆ.

ಅವರು ಮಡಿಸಲಿಲ್ಲ.

ಫೋನು ಬಡಿದುಕೊಂಡಿತು. ಕರಿಪರದೆ.

"ಮೇಡಂ, ಡ್ರೈವರ್ ಈಗ ತಾನೇ ತೀರಿಕೊಂಡ್ರು." ಅವನ ದನಿ ಒಡೆದಿತ್ತು. ಹಿಂದೆ ಎಲ್ಲೋ ಒಬ್ಬ ಹೆಂಗಸು ಕೂಗುವುದು ಕೇಳಿಸುತ್ತಿತ್ತು. "ಪೊಲೀಸರು ಬೆಳಿಗ್ಗೆವರೆಗೆ ಕಾಯಲ್ವಂತೆ. ಈಗಲೇ ನಿಮ್ಮ ತಂಗೀನ ಕರ್ಕೊಂಡು ಹೋಗೋಕೆ ಬಂದಿದ್ದಾರೆ, ಇಲ್ಲೇ ಪಕ್ಕದಲ್ಲಿ ನಿಂತಿದ್ದಾರೆ. ನಿಮಗೇನಾದ್ರೂ ಸಿಕ್ತಾ? ಆ 7.4 ಯಾರ ಮನೇಲಿದೆ ಅಂತ ಗೊತ್ತಾಯ್ತಾ?"

ಪರದೆಯ ಮೇಲೆ ಸಾಲುಗಳು ನಿಂತಿದ್ದವು. ಬಿಲ್ಡ್ ಮುಗಿದಿತ್ತು.

ಯಜಮಾನರು ನಾಲ್ಕು ಹೆಜ್ಜೆ ನಡೆದು ಬಂದರು. ಒಂದೂವರೆ ವರ್ಷ ನಾನು ದೇವರಲ್ಲಿ ಬೇಡಿಕೊಂಡ ಹಾಗೆಯೇ, ಯಾವ ಆಸರೆಯೂ ಇಲ್ಲದೆ, ನೆಟ್ಟಗೆ. ಬಂದು ನನ್ನೆದುರು ಕೈಚಾಚಿದರು.

"ಫೋನ್ ನನ್ನ ಕೈಗೆ ಕೊಡು," ಎಂದರು.